ಕಡಲು ಹೊಸದೆನಿಸದ ಹುಡುಗಿ

ಮೈತ್ರಿಗೆ ಒಂಬತ್ತು ವರ್ಷ ತುಂಬುವವರೆಗೆ ಅವಳ ಕುಟುಂಬ ಹುಬ್ಬಳ್ಳಿ ಬಿಟ್ಟು ಹೊರಟದ್ದು ಒಂದೇ ಸಲ, ಅದೂ ಅರ್ಧ ದಾರಿಯವರೆಗೆ ಮಾತ್ರ.

ಆಗ ಅವಳಿಗೆ ನಾಲ್ಕು ವರ್ಷ. ಆಟಿಸಂ ಎಂಬ ಶಬ್ದ ಮನೆಯೊಳಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ತಾಯಿ ರೇವತಿಯ ತವರು ಕಾರವಾರ. ರೇವತಿಯ ತಂದೆ ಗುರುಶಾಂತಪ್ಪನವರು ಅಲ್ಲಿನ ಬಂದರಿನಲ್ಲಿ ನೌಕರಿ ಮಾಡಿ, ನಿವೃತ್ತಿಯ ನಂತರವೂ ಮಗನ ಸಂಸಾರದ ಜೊತೆ ಅಲ್ಲೇ ಉಳಿದಿದ್ದರು. ಅಣ್ಣನ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ರೇವತಿ, ಅವಳ ಗಂಡ ಸಂಗಮೇಶ, ಮಗಳು ಮೂವರೂ ಖಾಸಗಿ ಬಸ್ಸು ಹತ್ತಿದರು. ಹಾರ್ನು, ಡೀಸೆಲ್ ವಾಸನೆ, ಪಟಪಟ ಹೊಡೆದುಕೊಳ್ಳುವ ಕಿಟಕಿಯ ಪರದೆ, ಮುಂದಿನ ಟಿವಿಯಲ್ಲಿ ಓಡುತ್ತಿದ್ದ ಸಿನಿಮಾದ ಹೊಡೆದಾಟ. ಕಲಘಟಗಿ ದಾಟುವಷ್ಟರಲ್ಲಿ ಮೈತ್ರಿ ಕಿಟಕಿಯ ಗಾಜಿಗೆ ತಲೆ ಬಡಿದುಕೊಳ್ಳತೊಡಗಿದಳು. ಅವಳ ಕೂಗು ಬಸ್ಸಿನ ಸದ್ದನ್ನೂ ಮೀರಿತು. ಹಿಂದಿನ ಸೀಟಿನವರೊಬ್ಬರು ಎರಡು ಬಾರಿಸಿದರೆ ಸುಮ್ಮನಾಗುತ್ತಾಳೆಂದು ಸಲಹೆ ಕೊಟ್ಟರು. ಇನ್ನೊಬ್ಬರು ಮಗುವಿಗೆ ಗಾಳಿ ಸೋಕಿದೆಯೆಂದರು. ಕಡೆಗೆ ಕಂಡಕ್ಟರ್ ಬಸ್ಸು ನಿಲ್ಲಿಸಿ, ಉಳಿದವರಿಗೆ ತ್ರಾಸಾಗುತ್ತಿದೆ, ಇಳಿದುಬಿಡಿ ಎಂದ. ಜೋರು ಮಾಡಲಿಲ್ಲ, ಮೆತ್ತಗೇ ಹೇಳಿದ. ಆ ಮೆತ್ತನೆಯ ದನಿಯೇ ರೇವತಿಯ ಕಿವಿಯಲ್ಲಿ ವರ್ಷಗಟ್ಟಲೆ ಉಳಿಯಿತು.

ಅಲ್ಲಿಂದಾಚೆ ಅವರ ಲೋಕ ಮನೆ, ಮನೆಯ ಮುಂದಿನ ಓಣಿ, ಮೈತ್ರಿಯ ಶಾಲೆ ಇಷ್ಟಕ್ಕೇ ನಿಂತಿತು. ಮದುವೆ ಮುಂಜಿಗಳಿಗೆ ಸಂಗಮೇಶ ಒಬ್ಬನೇ ಹೋಗಿ ಊಟ ಮುಗಿಸಿ ಬರುತ್ತಿದ್ದ. ದುರ್ಗದ ಬೈಲಿನಲ್ಲಿದ್ದ ತನ್ನ ಕನ್ನಡಕದ ಅಂಗಡಿಗೂ ಅವನು ಮಗಳನ್ನು ಒಮ್ಮೆಯೂ ಕರೆದೊಯ್ದಿರಲಿಲ್ಲ. ಗುರುಶಾಂತಪ್ಪನವರಿಗೆ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿತ್ತು. ಘಟ್ಟದ ತಿರುವುಗಳಲ್ಲಿ ಕೂತು ಬರುವುದು ಅವರಿಂದ ಆಗುತ್ತಿರಲಿಲ್ಲ. ಫೋನಿನ ಪರದೆಯ ಮೇಲೆ ಅಜ್ಜನ ಮುಖ ಮೂಡಿದರೆ ಮೈತ್ರಿ ಎದ್ದು ಹೋಗುತ್ತಿದ್ದಳು. ತುಟಿಯ ಚಲನೆಗೂ ದನಿಗೂ ನಡುವೆ ಬೀಳುವ ಚೂರು ಅಂತರ ಬೇರೆಯವರಿಗೆ ತಿಳಿಯುತ್ತಿರಲಿಲ್ಲ, ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಹೀಗಾಗಿ ಅಜ್ಜ ಮೊಮ್ಮಗಳನ್ನು ಹತ್ತಿರದಿಂದ ನೋಡಿದ್ದು ಬಾಣಂತನದ ದಿನಗಳಲ್ಲಿ ಮಾತ್ರ.

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಕೊನೆಗೂ ಓಡಲು ಶುರುವಾದ ವರ್ಷವೇ ‘ಸಹಯಾನ’ ಎಂಬ ಸಂಸ್ಥೆ ಹುಬ್ಬಳ್ಳಿ ನಿಲ್ದಾಣದ ಮಹಡಿಯ ಮೇಲೆ ತನ್ನ ಕೇಂದ್ರ ತೆರೆಯಿತು. ಆಟಿಸಂ ಇರುವ ಮಕ್ಕಳ ಕುಟುಂಬಗಳಿಗೆ ಪ್ರಯಾಣದ ನೆರವು ಕೊಡುವುದು ಅದರ ಕೆಲಸ. ಆ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಸುಮಂಗಲಾ ಕಟ್ಟಿ ನರವಿಜ್ಞಾನಿ. ಸಂಸ್ಥೆಯ ಧಾರವಾಡದ ಪ್ರಯೋಗಾಲಯದಲ್ಲಿ ಹನ್ನೆರಡು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದವರು: ಹೊಸ ಜಾಗವೊಂದು ಮಗುವಿಗೆ ಹೊಸದೆಂದೇ ಅನ್ನಿಸದಿದ್ದರೆ ಏನಾದೀತು?

ಮೊದಲ ಭೇಟಿಯಲ್ಲಿ ಅವರು ರೇವತಿ ದಂಪತಿಗಳಿಗೆ ವಿಷಯವನ್ನು ಸರಳವಾಗಿ ಬಿಡಿಸಿ ಹೇಳಿದರು. ಮಿದುಳಿನ ಆಳದಲ್ಲಿ ಬೆರಳಿನ ಗಾತ್ರದ ಒಂದು ಬಾಗಿದ ಭಾಗವಿದೆ. ಕಣ್ಣು ಕಿವಿಗಳಿಂದ ಬಂದದ್ದನ್ನು ಅದು ಮೊದಲೇ ತಿಳಿದದ್ದರ ಜೊತೆ ಹೋಲಿಸಿ ನೋಡುತ್ತದೆ. ಹೊಂದದಿದ್ದರೆ ‘ಇದು ಹೊಸದು’ ಎಂಬ ಸಂಕೇತ ಹೊರಡುತ್ತದೆ. ನಮ್ಮಲ್ಲಿ ಆ ಸಂಕೇತ ಬೇಗ ತಣಿಯುತ್ತದೆ. ರೈಲು ಹತ್ತಿ ಸ್ವಲ್ಪ ಹೊತ್ತಿನಲ್ಲಿ ಅದರ ಗಡಗಡ ನಮಗೆ ಕೇಳಿಸುವುದೇ ಇಲ್ಲ. ಮೈತ್ರಿಯಂಥ ಮಕ್ಕಳಲ್ಲಿ ಅದು ತಣಿಯುವುದಿಲ್ಲ. ಪ್ರತಿ ಗಡಗಡವೂ ಮೊದಲನೆಯದೇ. ಸಂಸ್ಥೆ ತಯಾರಿಸಿದ ‘ಪರಿಚಯ’ ಎಂಬ ಸಾಧನ ಕೂದಲಿಗೆ ಹಾಕುವ ಬ್ಯಾಂಡಿನಂತೆ ಇತ್ತು. ಕಿವಿಗೆ ಕೇಳದ ಸೂಕ್ಷ್ಮ ಶಬ್ದದ ಅಲೆಗಳನ್ನು ಅದು ಆ ಬಾಗಿದ ಭಾಗಕ್ಕೆ ಕಳಿಸಿ, ‘ಹೊಸದು’ ಎಂಬ ಸಂಕೇತವನ್ನು ಅಡಗಿಸಿ, ‘ಇದು ಗೊತ್ತಿರುವ ಜಾಗವೇ’ ಎಂಬ ಭಾವವನ್ನು ಮೂಡಿಸುತ್ತಿತ್ತು. ಔಷಧವಲ್ಲ, ಮಂಪರಿಲ್ಲ. ತೆಗೆದರೆ ಮುಗಿಯಿತು.

ಸಂಗಮೇಶ ಅಡ್ಡ ಪರಿಣಾಮಗಳ ಬಗ್ಗೆ ಕೇಳಿದ. ತಲೆನೋವು ಬರಬಹುದು, ಅದೂ ಅಪರೂಪ ಎಂದರು ಡಾಕ್ಟರ್. ಆಗ ಅವರಿಗೆ ತಿಳಿದಿದ್ದುದೂ ಅಷ್ಟೇ.

ಮೊದಲ ಪ್ರಯಾಣದ ಬೆಳಿಗ್ಗೆ ಸುಮಂಗಲಾ ನಿಯಂತ್ರಣ ಕೊಠಡಿಯಲ್ಲಿಯೇ ಕೂತಿದ್ದರು. ಗೋಡೆಯ ತುಂಬ ಪರದೆಗಳು. ಒಂದೊಂದರಲ್ಲೂ ಎಲ್ಲೋ ಪ್ರಯಾಣಿಸುತ್ತಿರುವ ಒಂದೊಂದು ಮಗುವಿನ ಮಿದುಳಿನ ತಳಮಳ, ಅದರ ಬ್ಯಾಂಡಿನಿಂದಲೇ ಬಂದು, ಗೆರೆಯಾಗಿ ಹರಿಯುತ್ತಿತ್ತು. ಗೆರೆ ಏರಿದರೆ ಅದನ್ನು ನೋಡುತ್ತಿದ್ದ ಜಾಹೀದಾ ರೈಲಿನಲ್ಲಿದ್ದ ಸಹಾಯಕಿಗೆ ತಿಳಿಸುತ್ತಿದ್ದಳು. ಸಹಾಯಕಿ ಹೋಗಿ ದೀಪ ಮಂದ ಮಾಡುತ್ತಿದ್ದಳು, ಪರದೆ ಎಳೆಯುತ್ತಿದ್ದಳು. ಮೈತ್ರಿ ಪ್ಲಾಟ್‌ಫಾರ್ಮಿಗೆ ಕಾಲಿಟ್ಟಾಗ ಅವಳ ಗೆರೆ ಒಮ್ಮೆ ನೆಟ್ಟಗೆ ಎದ್ದಿತು. ಬ್ಯಾಂಡು ಕೆಲಸ ಶುರು ಮಾಡಿದ ಮೇಲೆ ಇಳಿಯಿತು. ರೈಲು ಸುರಂಗ ಹೊಕ್ಕಾಗಲೂ ಗೆರೆ ಅಲುಗಲಿಲ್ಲ.

“ಮನೀ ಪಡಸಾಲ್ಯಾಗ ಕುಂತಂಗ ಕುಂತಾಳ ನೋಡ್ರಿ ಮೇಡಂ,” ಎಂದಳು ಜಾಹೀದಾ.

ಸುಮಂಗಲಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಂಕೋಲಾ ನಿಲ್ದಾಣಕ್ಕೆ ಗುರುಶಾಂತಪ್ಪನವರು ಮಗನ ಕಾರಿನಲ್ಲಿ ಬಂದು ಕಾದಿದ್ದರು. ಮೊಮ್ಮಗಳು ರೈಲಿನಿಂದ ಇಳಿದು, ದಿನವೂ ನೋಡುವವರ ಬಳಿ ಬರುವಂತೆ ಬಂದು ಅವರ ಪಕ್ಕದಲ್ಲಿ ನಿಂತಳು. ಅವರು ಅಂಜುತ್ತಲೇ ಕೈ ಚಾಚಿದರು. ಅವಳು ಕೈಯನ್ನು ಹಿಡಿದುಕೊಂಡಳು. ಅಪರಿಚಿತರು ಬಟ್ಟೆ ಸೋಕಿದರೂ ಹಾರಿ ಬೀಳುವ ಹುಡುಗಿ ಅವಳು. ಕಾರವಾರದವರೆಗೂ ಮುದುಕ ಆ ಕೈ ಬಿಡಲಿಲ್ಲ.

ಸಂಜೆ ಎಲ್ಲರೂ ಕಡಲ ದಂಡೆಗೆ ಹೋದರು. ಮಗಳು ಕಡಲನ್ನು ಕಂಡು ಏನು ಮಾಡಿಯಾಳೆಂದು ರೇವತಿ ಎಷ್ಟೋ ವರ್ಷಗಳಿಂದ ಊಹಿಸಿದ್ದಳು. ಮೈತ್ರಿ ನೀರನ್ನು ನೋಡಿದಳು. ಅದು ನಿನ್ನೆಯೂ ಅಲ್ಲೇ ಇತ್ತು, ಮೊನ್ನೆಯೂ ಇತ್ತು ಎಂಬಂತೆ ನೋಡಿ, ಮರಳಿನಲ್ಲಿ ಕೂತು ಕಾಲಿನ ಮೇಲೆ ಮರಳು ಸುರಿದುಕೊಳ್ಳತೊಡಗಿದಳು. ರೇವತಿಗೆ ಎದೆಯ ಮೂಲೆಯಲ್ಲಿ ಏನೋ ಚುರುಕ್ಕೆಂದಿತು. ಆದರೆ ಮಗಳು ಅಳುತ್ತಿರಲಿಲ್ಲ. ತನ್ನನ್ನು ಯಾರೂ ದಿಟ್ಟಿಸಿ ನೋಡುತ್ತಿರಲಿಲ್ಲ. ಅಷ್ಟು ಸಾಕಾಗಿತ್ತು.

ಆಮೇಲಿನ ಒಂದು ವರ್ಷ ಅವರ ಬದುಕಿನಲ್ಲಿ ಹಿಂದೆಂದೂ ಇರದಂಥದ್ದು. ಎರಡು ತಿಂಗಳಿಗೊಮ್ಮೆಯಾದರೂ ಕಾರವಾರಕ್ಕೆ ಹೋಗುತ್ತಿದ್ದರು; ಅಲ್ಲಿದ್ದಷ್ಟು ಹೊತ್ತೂ ಬ್ಯಾಂಡು ಮೈತ್ರಿಯ ತಲೆಯ ಮೇಲಿರುತ್ತಿತ್ತು. ಸಂಗಮೇಶ ಅಂಗಡಿಗೆ ಬೀಗ ಹಾಕುವುದನ್ನು ಕಲಿತ. ರೇವತಿ ಅತ್ತಿಗೆಯ ಜೊತೆ ಮೀನಿನ ಮಾರುಕಟ್ಟೆಯ ಮುಂದೆ ಮೂಗು ಮುಚ್ಚಿಕೊಂಡು ನಡೆದು ನಕ್ಕಳು. ಗುರುಶಾಂತಪ್ಪನವರಂತೂ ಮೊಮ್ಮಗಳು ಬರುವ ವಾರವೆಲ್ಲ ಮನೆಯವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು: ಅವಳಿಗೆ ಮೆತ್ತಗಿನ ಅನ್ನ ಆಗದು, ಬಿಳಿ ತಟ್ಟೆಯೇ ಬೇಕು, ಮಿಕ್ಸರ್ ಅವಳು ಬರುವ ಮೊದಲೇ ತಿರುಗಿಸಿ ಮುಗಿಸಿ. ಅವರು ದಂಡೆಯಿಂದ ಆರಿಸಿ ತಂದ ಚಿಪ್ಪುಗಳನ್ನು ಮೈತ್ರಿ ಗಾತ್ರದ ಪ್ರಕಾರ ಸಾಲಾಗಿ ಇಡುತ್ತಿದ್ದಳು. ಅಜ್ಜ ಬೇಕೆಂದೇ ಒಂದೆರಡನ್ನು ಅದಲು ಬದಲು ಮಾಡುತ್ತಿದ್ದರು, ಅವಳು ಸರಿಪಡಿಸುತ್ತಿದ್ದಳು. ಅದು ಇಬ್ಬರ ಆಟವಾಗಿತ್ತು. ನನಗೊಂದು ಸಂಬಂಧ ತಡವಾಗಿ ಸಿಕ್ಕಿತು, ಆದರೆ ಸಿಕ್ಕಿತು ಎಂದು ಅವರು ಬಂದರಿನ ಹಳೆಯ ಗೆಳೆಯರೆದುರು ಹೇಳಿಕೊಳ್ಳುತ್ತಿದ್ದರಂತೆ.

ಅದೇ ವರ್ಷದ ನಡುವೆ, ಧಾರವಾಡದ ಪ್ರಯೋಗಾಲಯದಲ್ಲಿ ಸುಮಂಗಲಾ ಒಂದು ವಿಚಿತ್ರವನ್ನು ಗಮನಿಸಿದರು. ದಿನದಲ್ಲಿ ಕಂಡುಂಡದ್ದನ್ನು ಮಿದುಳು ನಿದ್ದೆಯಲ್ಲಿ ಮತ್ತೊಮ್ಮೆ ಓಡಿಸಿ ನೋಡಿ ಭದ್ರವಾಗಿ ಇಟ್ಟುಕೊಳ್ಳುತ್ತದೆ. ಆ ಓಟ ನಿದ್ದೆಯ ಅಲೆಗಳಲ್ಲಿ ಕಾಣಿಸುತ್ತದೆ. ಪ್ರಯಾಣ ಮುಗಿಸಿ ಬಂದ ಮಕ್ಕಳ ನಿದ್ದೆಯಲ್ಲಿ ಅದು ಇರಲಿಲ್ಲ. ಶಾಲೆಗೆ ಹೋಗಿ ಬಂದ ದಿನ ಇತ್ತು, ಮನೆಯಲ್ಲೇ ಇದ್ದ ದಿನ ಇತ್ತು. ಬ್ಯಾಂಡು ಹಾಕಿಕೊಂಡು ಊರು ಸುತ್ತಿದ ದಿನ ಮಾತ್ರ ಇರಲಿಲ್ಲ. ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ‘ಇದು ಹೊಸದು’ ಎಂಬ ಸಂಕೇತ ಬರೀ ಹೆದರಿಕೆಯದಲ್ಲ. ‘ಇದನ್ನು ಇಟ್ಟುಕೊ’ ಎಂದು ಮಿದುಳಿಗೆ ಹೇಳುವುದೂ ಅದೇ. ಎಲ್ಲವೂ ಮೊದಲೇ ಗೊತ್ತಿದ್ದದ್ದಾದರೆ ಇಟ್ಟುಕೊಳ್ಳಬೇಕಾದ್ದು ಏನೂ ಇಲ್ಲ.

ಅವರು ಅದನ್ನು ಸಂಸ್ಥೆಯ ನಿರ್ದೇಶಕರ ಮುಂದಿಟ್ಟರು. ಇನ್ನಷ್ಟು ಮಕ್ಕಳ ನಿದ್ದೆಯ ಪರೀಕ್ಷೆ ಆಗಲಿ, ಆಮೇಲೆ ಮಾತಾಡೋಣ ಎಂಬ ಉತ್ತರ ಬಂತು. ವಿಜ್ಞಾನಿಯಾಗಿ ಅದು ತಪ್ಪು ಉತ್ತರವೆಂದು ಸುಮಂಗಲಾ ಹೇಳುವಂತಿರಲಿಲ್ಲ. ಅವರ ಕೊಠಡಿಯ ಹೊರಗೆ ಬೆಂಚಿನ ಮೇಲೆ ಆ ಹೊತ್ತಿಗೆ ಐದಾರು ಕುಟುಂಬಗಳು ಮೊದಲ ಪ್ರಯಾಣಕ್ಕೆ ಸಜ್ಜಾಗಿ ಹೊಸ ಬಟ್ಟೆ ತೊಟ್ಟು ಕೂತಿದ್ದವು. ಆ ಮುಖಗಳನ್ನು ನೋಡಿ ಅವರು ಸುಮ್ಮನಾದರು. ಪೂರಾ ಖಾತ್ರಿಯಾಗಲಿ ಎಂದು ತಮಗೆ ತಾವೇ ಹೇಳಿಕೊಂಡು ತಿಂಗಳುಗಳನ್ನು ಕಳೆದರು.

ಗುರುಶಾಂತಪ್ಪನವರಿಗೆ ಕಣ್ಣಿನ ಪೊರೆ ಬಂದಿತ್ತು. ಆಪರೇಷನ್ನು ಹುಬ್ಬಳ್ಳಿಯಲ್ಲೇ ಆಗಲಿ, ಮೊಮ್ಮಗಳ ಜೊತೆ ನಾಲ್ಕು ದಿನ ಇದ್ದಂತೆಯೂ ಆಗುತ್ತದೆ ಎಂದು ಅವರೇ ಹಟ ಹಿಡಿದರು. ರೈಲಿನಲ್ಲಿ ಒರಗಿ ಬರಬಹುದಾದ್ದರಿಂದ ಬೆನ್ನಿನ ಚಿಂತೆ ಇರಲಿಲ್ಲ. ಮಧ್ಯಾಹ್ನ ಸಂಗಮೇಶ ಅವರನ್ನು ನಿಲ್ದಾಣದಿಂದ ಮನೆಗೆ ಕರೆತಂದ. ಮೈತ್ರಿ ಪಡಸಾಲೆಯಲ್ಲಿ ಕಿಟಕಿಯ ಬಳಿ ಕೂತಿದ್ದಳು. ಮನೆಯಲ್ಲಿ ಬ್ಯಾಂಡಿನ ಅಗತ್ಯವಿರಲಿಲ್ಲ; ಅದು ಪೆಟ್ಟಿಗೆಯಲ್ಲಿತ್ತು.

ಮುದುಕ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅಂಗಿಯ ಜೇಬಿನಿಂದ ಹೊಸ ಚಿಪ್ಪುಗಳನ್ನು ತೆಗೆಯುತ್ತ, “ಮೈತ್ರವ್ವಾ” ಎಂದು ಕರೆದು ಎಂದಿನಂತೆ ಕೈ ಚಾಚಿ ಹತ್ತಿರ ಹೋದರು.

ಅವಳು ಅವರನ್ನು ಎಂದೂ ನೋಡಿರಲೇ ಇಲ್ಲವೆಂಬಂತೆ ನೋಡಿದಳು. ಆಮೇಲೆ ಕಿರುಚಿದಳು. ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಗೋಡೆಗೆ ಅಂಟಿ, ಅಲ್ಲಿಂದ ಅಡುಗೆಮನೆಗೆ ಓಡಿ, ಬಾಗಿಲ ಹಿಂದೆ ಮುದುರಿ ಕೂತಳು. ಕೈಯಿಂದ ಬಿದ್ದ ಚಿಪ್ಪುಗಳ ನಡುವೆ ಗುರುಶಾಂತಪ್ಪನವರು ನಿಂತೇ ಇದ್ದರು.

ಸಂಜೆಯವರೆಗೂ ಅವಳು ಹೊರಗೆ ಬರಲಿಲ್ಲ. ಮರುದಿನ ಆಸ್ಪತ್ರೆಯಿಂದ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದಾಗ ಹೆದರಿಕೆ ಇನ್ನೂ ಹೆಚ್ಚಿತು. ಮೂರನೆಯ ದಿನ ಸಂಗಮೇಶನಿಗೆ ಮಾವನವರ ಮುಖ ನೋಡಲಾಗಲಿಲ್ಲ. ಅವನು ಪೆಟ್ಟಿಗೆ ತೆರೆದು ಬ್ಯಾಂಡನ್ನು ಮಗಳ ತಲೆಗೆ ಹಾಕಿದ. ಸ್ವಲ್ಪ ಹೊತ್ತಿಗೆ ಮೈತ್ರಿ ಎದ್ದು ಬಂದು ಅಜ್ಜನ ಪಕ್ಕ ಕೂತಳು, ಅವರ ಭುಜಕ್ಕೆ ಒರಗಿದಳು. ಪಟ್ಟಿಯಿಲ್ಲದ ಕಣ್ಣಿನಿಂದ ಮುದುಕನಿಗೆ ನೀರು ಇಳಿಯಿತು. ರೇವತಿ ಒಳಗಿನಿಂದ ಚಹಾ ತಂದಳು. ಮನೆಯಲ್ಲಿ ಉಸಿರಾಡುವಂತಾಯಿತು.

ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಂದ. ಹೊಸಬ, ಹಿಂದೆಂದೂ ಆ ಓಣಿಗೆ ಬಂದವನಲ್ಲ. ಸಿಲಿಂಡರ್ ಇಳಿಸಿ ಬೆವರೊರೆಸಿಕೊಳ್ಳುತ್ತ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಮೈತ್ರಿ ಅಜ್ಜನ ಭುಜದಿಂದ ಎದ್ದಳು, ನಡೆದು ಹೋಗಿ ಅವನ ಪಕ್ಕ ನಿಂತಳು, ಅವನ ಕೈಯನ್ನು ಹಿಡಿದುಕೊಂಡಳು. ಅಜ್ಜನ ಕೈಯನ್ನು ಹಿಡಿದಂತೆಯೇ. ಅವನು ಗಾಬರಿಯಾಗಿ ನಕ್ಕ. ಸಂಗಮೇಶ ಮಗಳನ್ನು ಮೆಲ್ಲಗೆ ಬಿಡಿಸಿ ಕರೆತಂದ.

ಆ ಮನುಷ್ಯ ಹೋದ ಮೇಲೆ ಗುರುಶಾಂತಪ್ಪನವರೇ ಬ್ಯಾಂಡನ್ನು ಮೊಮ್ಮಗಳ ತಲೆಯಿಂದ ತೆಗೆದು ಮಗಳ ಕೈಗೆ ಕೊಟ್ಟರು.

“ಇದನ್ನ ಎತ್ತಿಡವಾ,” ಎಂದರು. “ಒಂದ ವರ್ಷದಿಂದ ಅಕಿ ನನ್ನ ಕೈ ಹಿಡದಾಳ ಅಂತ ತಿಳಕೊಂಡಿದ್ದೆ. ಯಾರ ಕೈ ಇದ್ರೂ ಹಿಡೀತಿದ್ಲು.”

“ಹಂಗನ್ನಬ್ಯಾಡಪಾ. ಅಕಿಗೆ ಏನ್ ತಿಳೀತೈತಿ.”

“ಅಕಿ ಮ್ಯಾಲೆ ನನಗ ಸಿಟ್ಟಿಲ್ಲವಾ. ಅಕಿಗೆ ನಾ ಯಾರಂತ ಗೊತ್ತಾಗಾಕ ನಾವ ಬಿಡಲಿಲ್ಲ.”

ಮರುದಿನವೇ ಅವರು ಊರಿಗೆ ಹೊರಟರು. ಕಣ್ಣಿನ ವೈದ್ಯರು ಇನ್ನೆರಡು ದಿನ ಇರಲು ಹೇಳಿದ್ದರು, ಕೇಳಲಿಲ್ಲ. ತಾವಿದ್ದಷ್ಟು ಹೊತ್ತೂ ಮಗು ಅಡುಗೆಮನೆಯ ಬಾಗಿಲ ಹಿಂದೆ ಕೂರುವುದನ್ನು ನೋಡಲು ಅವರಿಗೆ ಆಗಲಿಲ್ಲ.

ಅವರನ್ನು ರೈಲು ಹತ್ತಿಸಿ, ರೇವತಿ ನಿಲ್ದಾಣದ ಮೆಟ್ಟಿಲು ಏರಿ ಸುಮಂಗಲಾ ಅವರ ಕೊಠಡಿಗೆ ಬಂದಳು. ಕೂತುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಅವಳಿಗೆ ಒಂದೊಂದೇ ನೆನಪಾಗುತ್ತ ಬಂದಿತ್ತು. ಮೈತ್ರಿಗೆ ಮಾತು ಕಡಿಮೆ, ಆದರೆ ಕೇಳಿದ ಸದ್ದನ್ನು ಹಾಗೆಹಾಗೇ ಮರಳಿ ನುಡಿಯುವ ಗುಣವಿತ್ತು. ಕುಕ್ಕರಿನ ಸೀಟಿ, ಶಾಲೆಯ ಗಂಟೆ, ಓಣಿಯ ತರಕಾರಿಯವಳ ಕೂಗು, ಎಲ್ಲವೂ ಅವಳ ಬಾಯಿಂದ ದಿನವಿಡೀ ಬರುತ್ತಿದ್ದವು.

“ಮನಿಯೊಳಗಿನ ಸಪ್ಪಳಾ ಎಲ್ಲಾ ಹಿಡೀತಾಳ್ರಿ ಅಕಿ,” ಎಂದಳು ರೇವತಿ. “ಇಷ್ಟ ಸಲ ರೈಲಿನ್ಯಾಗ ಹೋಗಿ ಬಂದ್ಲು. ಒಂದ ಅನೌನ್ಸ್‌ಮೆಂಟ್ ಸೈತ ಅಕಿ ಬಾಯಾಗ ಬಂದಿಲ್ಲ. ಸಮುದ್ರದ ಸಪ್ಪಳಾ ಬಂದಿಲ್ಲ. ಏನೂ ಉಳದಿಲ್ಲ ಅಲ್ರಿ ಅಕಿ ಹತ್ರ?”

ಸುಮಂಗಲಾ ನಿದ್ದೆಯ ಅಲೆಗಳ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ.

“ಯಾವಾಗ ಗೊತ್ತಾತ್ರಿ ನಿಮಗ?”

“ಆರು ತಿಂಗಳಾತು.”

“ಮತ್ತ ಹೇಳಲಿಲ್ಲಲ್ರಿ.”

“ಖಾತ್ರಿ ಮಾಡ್ಕೊಂಡು ಹೇಳೋಣ ಅಂತ ಇದ್ದೆ. ಅದೂ ಖರೇನ ಅದ. ಆದರ ನಿಮ್ಮೆಲ್ಲಾರ ಮುಖದ ಮ್ಯಾಲಿನ ಸಮಾಧಾನ ನೋಡಿ ನನಗ ಬಾಯಿ ಬರಲಿಲ್ಲ, ರೇವತಿ. ಹುಡುಗರು ಸುಮ್ಮನಾದರ ಅಷ್ಟ ನೋಡಿದ್ವಿ ನಾವು. ಅವರಿಗೆ ಏನು ಸಿಗಲಿಕತ್ತದ ಅಂತ ನಾ ಕೇಳಲೇ ಇಲ್ಲ.”

ರೇವತಿ ಜೋರು ಮಾಡುತ್ತಾಳೆಂದು ಸುಮಂಗಲಾ ಕಾದರು. ಅವಳು ಜೋರು ಮಾಡಲಿಲ್ಲ. ಕಡಲ ದಂಡೆಯಲ್ಲಿ ತನ್ನ ಎದೆಗೆ ಚುರುಕ್ಕೆಂದದ್ದು ಅವಳಿಗೆ ನೆನಪಿತ್ತು. ಆ ದಿನ ತಾನೂ ಅದನ್ನು ಒತ್ತಿಟ್ಟುಕೊಂಡಿದ್ದಳು. ಬ್ಯಾಂಡನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಆ ವಾರವೇ ಸುಮಂಗಲಾ ಪಾಲಕರ ಸಭೆ ಕರೆದರು. ನಿರ್ದೇಶಕರ ಒಪ್ಪಿಗೆಗೆ ಕಾಯಲಿಲ್ಲ. ‘ಪರಿಚಯ’ ಬ್ಯಾಂಡು ಹಾಕಿಕೊಂಡಿದ್ದ ಹೊತ್ತಿನದೇನೂ ಮಕ್ಕಳ ನೆನಪಿನಲ್ಲಿ ಉಳಿಯುವುದಿಲ್ಲವೆಂದು ನೇರವಾಗಿ ಹೇಳಿದರು. ಸಭೆಯಲ್ಲಿ ಗದ್ದಲವಾಯಿತು. ಗದಗಿನಿಂದ ಬಂದಿದ್ದ ತಂದೆಯೊಬ್ಬರು ಎದ್ದು ನಿಂತು, ತಮ್ಮ ಮಗನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆತರಬೇಕು, ಆ ಸೂಜಿ ಅವನಿಗೆ ನೆನಪಿರದಿದ್ದರೆ ತಮಗೆ ಸಂತೋಷವೇ, ದಯವಿಟ್ಟು ಇದನ್ನು ಕಿತ್ತುಕೊಳ್ಳಬೇಡಿ ಎಂದರು. ಅರ್ಧದಷ್ಟು ಕುಟುಂಬಗಳು ಬ್ಯಾಂಡನ್ನು ಮರಳಿಸಿದವು, ಉಳಿದವು ಇಟ್ಟುಕೊಂಡವು. ಇಟ್ಟುಕೊಂಡವರು ತಪ್ಪು ಮಾಡಿದರೆಂದು ಸುಮಂಗಲಾ ಅವರಿಗೆ ಅನ್ನಿಸಲಿಲ್ಲ. ಮೊದಲೇ ತಿಳಿದು ಆರಿಸಿಕೊಳ್ಳುವ ಅವಕಾಶ ಆ ಪಾಲಕರಿಗೆ ಇರಲಿಲ್ಲವೆಂಬುದೊಂದೇ ಅವರನ್ನು ಕೊರೆಯುತ್ತಿತ್ತು. ಸಂಸ್ಥೆ ಅವರನ್ನು ಪ್ರಯೋಗಾಲಯದ ಹೊಣೆಯಿಂದ ಬಿಡಿಸಿತು. ನಿಯಂತ್ರಣ ಕೊಠಡಿಯ ಕೆಲಸ ಮಾತ್ರ ಉಳಿಯಿತು.

ಬ್ಯಾಂಡಿಲ್ಲದ ದಾರಿ ನಿಧಾನದ್ದು. ಸುಮಂಗಲಾ ಅದಕ್ಕೊಂದು ಕ್ರಮ ಹಾಕಿಕೊಟ್ಟರು. ಮೊದಲು ರೇವತಿ ಮೈತ್ರಿಯನ್ನು ನಿಲ್ದಾಣದ ಹೊರಗಿನ ಆಲದ ಕಟ್ಟೆಯವರೆಗೆ ಮಾತ್ರ ಕರೆತಂದು ಮರಳುತ್ತಿದ್ದಳು. ಕೆಲವು ವಾರಗಳ ನಂತರ ಟಿಕೆಟ್ ಕಿಟಕಿಯವರೆಗೆ. ಆಮೇಲೆ ಜನ ಕಡಿಮೆಯಿರುವ ಹೊತ್ತಿನಲ್ಲಿ ಪ್ಲಾಟ್‌ಫಾರ್ಮಿಗೆ. ಕಿವಿಗೆ ದಪ್ಪ ಹೆಡ್‌ಫೋನು, ಕೈಯಲ್ಲಿ ಹಿಸುಕಲು ರಬ್ಬರಿನ ಚೆಂಡು. ಒಂದು ಮಧ್ಯಾಹ್ನ ಜಾಹೀದಾ ತೊಳೆಯಲು ನಿಲ್ಲಿಸಿದ್ದ ಖಾಲಿ ಬೋಗಿಯೊಂದನ್ನು ಅನುಮತಿ ಪಡೆದು ತೆರೆಸಿಕೊಟ್ಟಳು. ಮೈತ್ರಿ ಅದರ ಮೆಟ್ಟಿಲ ಬಳಿ ನಿಂತು ಅತ್ತಳು, ಒಳಗೆ ಹೋಗಲಿಲ್ಲ. ಮುಂದಿನ ವಾರ ಒಂದು ಕಾಲು ಇಟ್ಟಳು. ಹಿನ್ನಡೆಗಳೂ ಆದವು. ಎಲ್ಲಿಂದಲೋ ಎಂಜಿನ್ ಕೂಗಿದ ದಿನ ತಾಯಿಯ ಮೊಣಕೈ ಕಚ್ಚಿ ರಕ್ತ ಬರಿಸಿದಳು. ಆಮೇಲೆ ಒಂದು ತಿಂಗಳು ನಿಲ್ದಾಣದ ರಸ್ತೆಗೇ ಬರಲಿಲ್ಲ. ಆದರೆ ಒಂದು ದಿನ ಮನೆಯಲ್ಲಿ ಸ್ನಾನ ಮಾಡಿಸುವಾಗ, “ಯಾತ್ರಿಕರ ಗಮನಕ್ಕೆ” ಎಂದಳು. ದನಿಯ ಏರಿಳಿತವೂ ಹಾಗೆಯೇ ಇತ್ತು. ರೇವತಿ ಅವಳ ಒದ್ದೆ ತಲೆಯನ್ನು ಹಾಗೇ ಎದೆಗೊತ್ತಿಕೊಂಡಳು.

ಗುರುಶಾಂತಪ್ಪನವರಿಗೆ ಈ ಸುದ್ದಿ ವಾರ ವಾರ ತಲುಪುತ್ತಿತ್ತು. ಯಾವ ಹಂತಕ್ಕೆ ಬಂದಳು ಎಂದು ಅವರೇ ಫೋನು ಮಾಡಿ ಕೇಳುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಹೃದಯ ಸೋಲತೊಡಗಿತು. ಕಾರವಾರದ ಆಸ್ಪತ್ರೆಗೆ ಸೇರಿಸಿದ್ದಾರೆಂದು ಅಣ್ಣ ತಿಳಿಸಿದ. ರೇವತಿ ಒಬ್ಬಳೇ ಹೋಗಿ ಎರಡು ದಿನ ಇದ್ದು ಬಂದಳು. ಬಂದ ಮೇಲೂ ಮನಸ್ಸು ಅಲ್ಲೇ ಇತ್ತು. ಮೈತ್ರಿ ಆಗಿನ್ನೂ ನಿಂತ ಬೋಗಿಯೊಳಗೆ ಕೂರಲು ಕಲಿಯುತ್ತಿದ್ದಳು. ಓಡುವ ರೈಲು ದೂರದ ಮಾತು. ಸಂಗಮೇಶ ಮೆಲ್ಲಗೆ, ಇದೊಂದು ಸಲಕ್ಕೆ ಆ ಬ್ಯಾಂಡನ್ನು ಕೇಳಿ ತರಲೇ ಎಂದ. ಅವಳು ತಂದೆಗೆ ಫೋನು ಮಾಡಿದಳು.

“ಅಪ್ಪಾ, ಬ್ಯಾಂಡ್ ಹಾಕಿ ಕರಕೊಂಡು ಬರ್ಲೇನು? ನೀ ಹೂಂ ಅಂದ್ರ ನಾಳೆನ ಬರ್ತೀವಿ.”

ಆ ಕಡೆಯಿಂದ ಉಸಿರಿನ ಸದ್ದು ಕೇಳಿತು. “ಬ್ಯಾಡವಾ,” ಎಂದರು ಅವರು. “ಅಕಿ ತಾನಾಗಿ ಬರೂತನಕಾ ನಾ ತಡೀತೀನಿ.”

ಅವರು ತಡೆಯಲಿಲ್ಲ. ದೀಪಾವಳಿಗೆ ವಾರವಿರುವಾಗ ಹೋದರು. ರೇವತಿ ಹೋಗಿ ಮಣ್ಣು ಹಾಕಿ ಬಂದಳು, ಅವಳು ಮರಳಿದ ಮೇಲೆ ಸಂಗಮೇಶ ಹೋಗಿ ಸಮಾಧಿಗೆ ನಮಸ್ಕರಿಸಿ ಬಂದ; ಇಬ್ಬರಲ್ಲಿ ಒಬ್ಬರು ಮಗಳ ಬಳಿ ಇರಲೇಬೇಕಾಗಿತ್ತು. ಅಪ್ಪ ಬೇಡವೆಂದರೂ ತಾನು ಕರೆದೊಯ್ಯಬೇಕಿತ್ತೇ ಎಂಬ ಪ್ರಶ್ನೆಯನ್ನು ರೇವತಿ ಆಮೇಲೆ ಎಷ್ಟೋ ಸಲ ಕೇಳಿಕೊಂಡಳು. ಒಂದೊಂದು ದಿನ ಒಂದೊಂದು ಉತ್ತರ ಹೊಳೆಯುತ್ತಿತ್ತು. ಸುಮಂಗಲಾ ಮನೆಗೆ ಬಂದು ಬಹಳ ಹೊತ್ತು ಕೂತಿದ್ದರು. ಆರು ತಿಂಗಳ ಮಾತನ್ನು ಇಬ್ಬರೂ ಎತ್ತಲಿಲ್ಲ. ಆ ಆರು ತಿಂಗಳು ಇದ್ದಿದ್ದರೆ ಮೈತ್ರಿ ಸಮಯಕ್ಕೆ ತಲುಪುತ್ತಿದ್ದಳೆಂದು ಇಬ್ಬರಿಗೂ ಗೊತ್ತಿತ್ತು.

ಯುಗಾದಿಯ ಹೊತ್ತಿಗೆ ಮೈತ್ರಿ ರೈಲು ಹತ್ತಿದಳು, ತಲೆಯ ಮೇಲೆ ಏನೂ ಇಲ್ಲದೆ. ಸಹಯಾನದವರು ಕಡಿಮೆ ಜನರಿದ್ದ ಬೋಗಿಯೊಂದರ ತುದಿಯನ್ನು ಅವರಿಗೆಂದು ಬಿಡಿಸಿಕೊಟ್ಟಿದ್ದರು. ಸಹಾಯಕಿ ಪಕ್ಕದಲ್ಲಿದ್ದಳು. ನಿಯಂತ್ರಣ ಕೊಠಡಿಯಲ್ಲಿ ಈ ಸಲ ನೋಡಲು ಯಾವ ಗೆರೆಯೂ ಇರಲಿಲ್ಲ. ಸುಮಂಗಲಾ ಫೋನಿನ ಮುಂದೆ ಕೂತಿದ್ದರು. ಮೊದಲ ಸುರಂಗದಲ್ಲಿ ಮೈತ್ರಿ ಕಿರುಚಿದಳು, ಎರಡನೆಯದರಲ್ಲಿ ವಾಂತಿ ಮಾಡಿಕೊಂಡಳು. ಪಕ್ಕದ ಸಾಲಿನ ಹೆಂಗಸೊಬ್ಬಳು ಏನನ್ನೂ ಕೇಳದೆ ನೀರಿನ ಬಾಟಲಿ ಮುಂದೆ ಮಾಡಿದಳು. ಅಂಕೋಲಾದಲ್ಲಿ ಇಳಿಯುವಾಗ ಸಂಗಮೇಶನ ಅಂಗಿಯ ಗುಂಡಿಗಳು ಕಿತ್ತುಹೋಗಿದ್ದವು.

ಕಾರವಾರದಲ್ಲಿ ಕಡಲನ್ನು ಅವಳು ದೂರದ ರಸ್ತೆಯಿಂದ ಕಂಡಳು. ಕಂಡವಳೇ ನಿಂತುಬಿಟ್ಟಳು. ಕಿವಿ ಮುಚ್ಚಿಕೊಂಡು ಅತ್ತಳು, ಹೆಜ್ಜೆ ಮುಂದಿಡಲಿಲ್ಲ, ಹಿಂದಕ್ಕೂ ಬರಲಿಲ್ಲ. ಬಿಸಿಲು ಇಳಿಯುವವರೆಗೂ ನೋಡುತ್ತಲೇ ಇದ್ದಳು. ಮರುದಿನ ಬೆಳಿಗ್ಗೆ ಅವಳೇ ತಾಯಿಯ ಸೆರಗು ಜಗ್ಗಿ, ಮನೆಯಿಂದ ಆ ರಸ್ತೆಯ ತುದಿಯವರೆಗೆ ದಾರಿ ತಪ್ಪದೆ ಕರೆದೊಯ್ದಳು.

ದಂಡೆಯಿಂದ ಮರಳಿದ ಮೇಲೆ ಅತ್ತಿಗೆ ಕಪಾಟಿನಿಂದ ಒಂದು ಫೋಟೋ ತೆಗೆದು ರೇವತಿಯ ಕೈಗೆ ಕೊಟ್ಟಳು. ಮಾವನವರು ಆಸ್ಪತ್ರೆಯಲ್ಲಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು ಎಂದಳು. ಮರಳಿನ ಮೇಲೆ ಗುರುಶಾಂತಪ್ಪನವರೂ ಮೈತ್ರಿಯೂ ಒಬ್ಬರ ಕೈ ಒಬ್ಬರು ಹಿಡಿದು ಕೂತ ಚಿತ್ರ. ಹಿಂದೆ ಅಲೆ. ರೇವತಿ ಅದನ್ನು ಒಳಗಿಟ್ಟುಬಿಡಬೇಕೆನ್ನುವಷ್ಟರಲ್ಲಿ ಮೈತ್ರಿ ಬಂದು ಫೋಟೋದ ಅಂಚು ಹಿಡಿದಳು.

ಮೊದಲು ಅಲೆಯ ಮೇಲೆ ಬೆರಳಿಟ್ಟಳು. “ಸಮುದ್ರ” ಎಂದಳು. ಆಮೇಲೆ ಹುಡುಗಿಯ ಮೇಲೆ. “ಮೈತ್ರಿ.” ಬೆರಳು ಪಕ್ಕಕ್ಕೆ ಸರಿದು ಮುದುಕನ ಮೇಲೆ ನಿಂತಿತು. ಅವಳು ತಲೆಯೆತ್ತಿ ತಾಯಿಯ ಕಡೆ ತಿರುಗಿದಳು. ತಾನಾಗಿ ಏನನ್ನಾದರೂ ಕೇಳುವುದು ಅವಳಲ್ಲಿ ತೀರ ಅಪರೂಪ.

“ಯಾರು?”

“ಅಜ್ಜ,” ಎಂದಳು ರೇವತಿ. “ನಿನ್ನ ಅಜ್ಜ. ಕೈ ಹಿಡಕೊಂಡು ಕುಂತಾರ ನೋಡು.”

ಮೈತ್ರಿ ಚಿತ್ರದಲ್ಲಿನ ಕೈಗಳನ್ನು ನೋಡಿದಳು. ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಅದರಲ್ಲಿ ಮರಳಿನ್ನೂ ಅಂಟಿತ್ತು.

“ಅಜ್ಜ ಎಲ್ಲಿ?” ಎಂದು ಕೇಳಿ, ಉತ್ತರಕ್ಕೆಂದು ತಾಯಿಯ ಮುಖವನ್ನೇ ನೋಡುತ್ತ ನಿಂತಳು.